ಐವತ್ತು ಸಾವಿರಕ್ಕೆ ಎಂಥ ರೈಫಲ್?

“ನನ್ನ ಹತ್ತಿರ ಇರೋದು ಐವತ್ತು ಸಾವಿರ. ಅದರಲ್ಲಿ ಒಂದು ಪಾಯಿಂಟ್ ಟೂ ಟೂ ಬರುತ್ತೋ ಇಲ್ಲವೋ, ಅಷ್ಟು ಹೇಳಿ ಸಾಕು.”

ಕೇಳಿದವರು ಬಿಟಿಎಂ ಲೇಔಟ್‌ನ ಬಾಡಿಗೆ ಮನೆಯಲ್ಲಿರುವ, ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಮನುಷ್ಯ. ಮಗಳಿಗೆ ಹದಿಮೂರು. ಬೇಸಿಗೆ ಶಿಬಿರದಲ್ಲಿ ಏರ್ ರೈಫಲ್ ಮುಟ್ಟಿ ಬಂದ ಮೇಲೆ ಅವಳಿಗೆ ಮನೆಯಲ್ಲಿ ಬೇರೆ ಮಾತಿಲ್ಲ. ಕೇಳಿಸಿಕೊಂಡವರು ಬನಶಂಕರಿ ಎರಡನೇ ಹಂತದ ನಿವೃತ್ತ ಸೈನಿಕ. ಸಂಜೆ ಹೊತ್ತು ಹತ್ತು ಮೀಟರ್ ರೇಂಜೊಂದರಲ್ಲಿ ಮಕ್ಕಳಿಗೆ ಗುರಿ ಕಲಿಸುತ್ತಾರೆ. ಮಕ್ಕಳ ಬಾಯಲ್ಲಿ ಅವರು ಮೇಷ್ಟ್ರು. ಮೂರನೆಯವರು ಜೆ.ಪಿ. ನಗರದಿಂದ ಬಂದ ತಂದೆಯ ಸಹೋದ್ಯೋಗಿ, ಮೂಲ ಕೊಡಗು. ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯೊಂದರಲ್ಲಿ ಭಾನುವಾರ ಬೆಳಿಗ್ಗೆ ಇವರೆಲ್ಲ ಎತ್ತರದ ಮೇಜಿನ ಸುತ್ತ ನಿಂತಿದ್ದರು. ಹುಡುಗಿ ಮಾತ್ರ ಖಾಲಿ ದೋಸೆಯ ಕಡೆ ಒಂದು ಕಣ್ಣು, ಮಾತಿನ ಕಡೆ ಎರಡೂ ಕಿವಿ ಇಟ್ಟಿದ್ದಳು.

ಮೇಷ್ಟ್ರು ಉತ್ತರ ಕೊಡಲಿಲ್ಲ, ಮರುಪ್ರಶ್ನೆ ಹಾಕಿದರು. “ಪಾಯಿಂಟ್ ಟೂ ಟೂನೇ ಯಾಕೆ?”

“ಎನ್‌ಸಿಸಿಯಲ್ಲಿ ಹೊಡೆದಿದ್ದೆ ಸಾರ್. ಜಯನಗರ ನ್ಯಾಷನಲ್ ಕಾಲೇಜಲ್ಲಿ ಓದುವಾಗ. ನೆಲದ ಮೇಲೆ ಮಲಗಿ ಐದು ಗುಂಡು. ಐದೂ ಹತ್ತಿರ ಹತ್ತಿರ ಬಿದ್ದಿತ್ತು.”

“ಅಲ್ಲಿಗೆ ರೈಫಲ್ ಬೇಕಾಗಿರೋದು ನಿಮಗೆ, ಮಗಳಿಗಲ್ಲ” ಅಂದರು ಮೇಷ್ಟ್ರು. ಕೊಡಗಿನವರು ಜೋರಾಗಿ ನಕ್ಕರು. ತಂದೆಯೂ ನಕ್ಕರು, ಆದರೆ ಪಟ್ಟು ಬಿಡಲಿಲ್ಲ. ಒಲಿಂಪಿಕ್ಸ್‌ನಲ್ಲಿ ಆ ರೈಫಲಿಗೂ ಪದಕ ಇದೆಯಲ್ಲ, 2024ರ ಆಗಸ್ಟ್ 1ರಂದು ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಅದರಲ್ಲೇ ಅಲ್ಲವೇ ಎಂದು ವಾದ ಹೂಡಿದರು.

ಅದು ನಿಜ. 50 ಮೀಟರ್ ರೈಫಲ್ ಮೂರು ಭಂಗಿ ಎಂಬ ಸ್ಪರ್ಧೆ ಅದು: ಮಂಡಿಯೂರಿ, ಮಲಗಿ, ನಿಂತು. ಬಳಸುವುದು .22 ಲಾಂಗ್ ರೈಫಲ್ ಗುಂಡು, ಅಂದರೆ 5.6 ಮಿಲಿಮೀಟರ್ ವ್ಯಾಸದ್ದು. ನಮ್ಮ ಬೆಳಗಾವಿಗೆ ಕೂಗಳತೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ಕುಸಾಳೆ, ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ನೌಕರಿ ಮಾಡಿಕೊಂಡೇ ಫೈನಲ್‌ನಲ್ಲಿ 451.4 ಅಂಕ ತೆಗೆದರು.

“ಕುಸಾಳೆ ಹೆಸರು ತೆಗೆದಿರಲ್ಲ, ಅವರ ಮನೆಯವರು ಗುಂಡಿಗಾಗಿ ಸಾಲ ಮಾಡಿದ್ದೂ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಗಮನಿಸಿ, ರೈಫಲಿಗಲ್ಲ, ಗುಂಡಿಗೆ” ಅಂದರು ಮೇಷ್ಟ್ರು. “ದುಡ್ಡಿನ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಕಾನೂನು.”

1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ .22 ರೈಫಲ್ ಪೂರ್ತಿ ಬಂದೂಕು. ಸಣ್ಣದು ಎಂಬ ರಿಯಾಯಿತಿ ಅದಕ್ಕಿಲ್ಲ. ಬೆಂಗಳೂರು ನಗರದಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. ಅರ್ಜಿಯ ಜೊತೆ ಬಂದೂಕು ಸುರಕ್ಷತೆಯ ತರಬೇತಿ ಪಡೆದ ಪತ್ರ, ದೇಹ ಮತ್ತು ಮನಸ್ಸು ಸ್ವಸ್ಥವಾಗಿವೆ ಎಂಬ ವೈದ್ಯರ ಪತ್ರ, ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆಯ ವಿವರ, ಅದರ ಮೇಲೆ ಠಾಣೆಯ ವರದಿ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಸಾಮಾನ್ಯ ನಾಗರಿಕ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಚುನಾವಣೆ ಘೋಷಣೆಯಾದಾಗ ಠಾಣೆಗೆ ತಂದೊಪ್ಪಿಸಿ ಎಂಬ ನೋಟಿಸು ಬೇರೆ.

“ಹಾಗಾದರೆ ಸಿಗುವುದೇ ಇಲ್ಲವಾ?”

“ಸಿಗುತ್ತೆ. ಅದೇ ಕಾಯ್ದೆಯ 13ನೇ ಕಲಂ, ಮಾನ್ಯತೆ ಇರುವ ರೈಫಲ್ ಕ್ಲಬ್ ಸದಸ್ಯನಿಗೆ ಗುರಿ ಅಭ್ಯಾಸಕ್ಕೆ ಬೇಕಾದ .22 ರೈಫಲನ್ನು ಹೆಸರು ಹಿಡಿದೇ ಹೇಳುತ್ತೆ. ಕ್ಲಬ್ ಸೇರಿ, ನಾಲ್ಕಾರು ಸ್ಪರ್ಧೆ ಆಡಿ, ಆ ದಾಖಲೆ ಹಿಡಿದು ಹೋದವನ ಅರ್ಜಿಗೆ ತೂಕ ಇರುತ್ತೆ. ಆದರೆ ಲೈಸೆನ್ಸ್ ಪಡೆಯುವ ವಯಸ್ಸು 21. ನಿಮ್ಮ ಮಗಳಿಗೆ ಇನ್ನೂ ಎಂಟು ವರ್ಷ ಬಾಕಿ.”

“ನನ್ನ ಹೆಸರಲ್ಲಿ ತಗೊಂಡು ಅವಳ ಕೈಗೆ ಕೊಟ್ಟರೆ?”

“ಲೈಸೆನ್ಸ್ ನಿಮ್ಮದು, ಗುರಿ ಅವಳದು ಅಂತ ಎರಡು ಭಾಗ ಮಾಡೋಕೆ ಕಾನೂನು ಒಪ್ಪಲ್ಲ. ಅವಳು ಹೊಡೆಯಬಹುದು, ಆದರೆ ಕ್ಲಬ್ಬಿನ ರೇಂಜಲ್ಲಿ, ಕ್ಲಬ್ಬಿನ ಬಂದೂಕಲ್ಲಿ, ತರಬೇತುದಾರ ಪಕ್ಕದಲ್ಲಿ ನಿಂತಿರುವಾಗ.”

ಇಲ್ಲಿ ಕೊಡಗಿನವರು ಬಾಯಿ ಹಾಕಿದರು. ತಮ್ಮ ಊರಿನಲ್ಲಿ ಲೈಸೆನ್ಸಿನ ಈ ರಗಳೆಯೇ ಇಲ್ಲ, ತಾನು ಒಂಬತ್ತನೇ ವಯಸ್ಸಿಗೇ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಟ್ಟವನು ಎಂದು ಎದೆಯುಬ್ಬಿಸಿದರು. ಮಾತಿನ ಮೊದಲರ್ಧದಲ್ಲಿ ಸತ್ಯವಿದೆ. ಕೊಡವರಿಗೆ ಮತ್ತು ಜಮ್ಮಾ ಎಂಬ ಪರಂಪರಾಗತ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಅಲ್ಲಿ ಬಂದೂಕು ಹಬ್ಬದ ದಿನ ಪೂಜೆಗೆ ಕೂರುತ್ತದೆ, ಮದುವೆ ಮನೆಯಲ್ಲಿ ಸದ್ದು ಮಾಡುತ್ತದೆ.

“ಅದು ಕೊಡಗಿನ ಮಾತು” ಅಂದರು ಮೇಷ್ಟ್ರು. “ಬಿಟಿಎಂ ಎರಡನೇ ಹಂತದ ಮೂರನೇ ಮಹಡಿಯ ಮಾತಲ್ಲ.”

ಕಾನೂನು ದಾಟಿ ಬಂದರೆ ಮಾರುಕಟ್ಟೆ. ದೇಶದೊಳಗೆ ನಾಗರಿಕರಿಗಾಗಿ ತಯಾರಾಗುವ .22 ರೈಫಲ್ ಎಂದರೆ ಮುಖ್ಯವಾಗಿ ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯದು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿ ಬರಖಾಸ್ತಾಗಿ ಏಳು ಕಂಪನಿಗಳಾದ ಮೇಲೆ ಅದು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಪಾಲಿಗೆ ಬಂತು. ಗಟ್ಟಿಮುಟ್ಟಾದ ರೈಫಲ್, ಕಲಿಯಲು ಸಾಕು. ಒಲಿಂಪಿಕ್ ಸ್ಪರ್ಧೆಗೆಂದು ಮಾಡಿದ್ದಲ್ಲ. ವಿದೇಶಿ ಬಂದೂಕುಗಳ ಸಾಮಾನ್ಯ ಆಮದು 1980ರ ದಶಕದ ಮಧ್ಯಕ್ಕೇ ನಿಂತಿತು. ಹಾಗಾಗಿ ಅದಕ್ಕೂ ಮೊದಲು ಬಂದ ಚೆಕೊಸ್ಲೊವಾಕಿಯಾದ ಬ್ರ್ನೋ, ಇಂಗ್ಲೆಂಡಿನ ಬಿಎಸ್‌ಎ ರೈಫಲ್‌ಗಳು ಕೈಯಿಂದ ಕೈಗೆ ದಾಟುತ್ತಾ ವಯಸ್ಸಾದಷ್ಟೂ ತುಟ್ಟಿಯಾಗಿವೆ. ಹುಟ್ಟಿದ ದೇಶದಲ್ಲಿ ಸಾಧಾರಣ ಬೆಲೆಗೆ ಸಿಗುವ ಮಾಲಿಗೆ ಇಲ್ಲಿ ಚಿನ್ನದ ಮರ್ಯಾದೆ. ಇದನ್ನು ಹೇಳುವಾಗ ಮೇಷ್ಟ್ರ ಮುಖದಲ್ಲಿ ಸಣ್ಣ ಅಸಹನೆ ಕಂಡಿತು.

“ಈಗ ದುಡ್ಡಿನ ಮಾತು. ಪೆನ್ನಿದೆಯಾ?” ಮೇಷ್ಟ್ರು ಬಿಲ್ಲಿನ ಚೀಟಿ ತಿರುಗಿಸಿಕೊಂಡರು. “ಮಗು ದಿನಕ್ಕೆ 60 ಗುಂಡು ಹೊಡೀತಾಳೆ ಅಂದುಕೊಳ್ಳಿ, ವಾರಕ್ಕೆ ನಾಲ್ಕು ದಿನ. ವಾರಕ್ಕೆ 240. ವರ್ಷಕ್ಕೆ?”

ಲೆಕ್ಕಪತ್ರದ ಮನುಷ್ಯನಿಗೆ ಪೆನ್ನು ಬೇಕಾಗಲಿಲ್ಲ. “12,480.”

“ಪಾಯಿಂಟ್ ಟೂ ಟೂ ಗುಂಡು ಒಂದಕ್ಕೆ ಕಮ್ಮಿ ಅಂದರೂ 20 ರೂಪಾಯಿ ಹಿಡೀರಿ.”

ತಂದೆ ಎರಡು ಕ್ಷಣ ಸುಮ್ಮನಿದ್ದರು. ಎರಡೂವರೆ ಲಕ್ಷದ ಹತ್ತಿರ ಹೋಗುತ್ತದೆ ಎಂದು ಅವರಿಗೆ ಹೊಳೆದಿತ್ತು. ಬಾಯಿಬಿಟ್ಟು ಹೇಳಿದವಳು ಮಗಳು.

“ಅಷ್ಟು ಗುಂಡು ಕೊಳ್ಳೋಕೂ ಲೈಸೆನ್ಸಿನ ಮಿತಿ ಅಡ್ಡ ಬರುತ್ತೆ, ಆ ಮಾತು ಬಿಡಿ. ಇನ್ನೊಂದು ವಿಷಯ. ಈ ಗುಂಡಿನ ಡಬ್ಬಿಗಳ ಮೇಲೆ ಒಂದೂವರೆ ಮೈಲಿ ದೂರದವರೆಗೂ ಅಪಾಯ ಅಂತ ಎಚ್ಚರಿಕೆ ಅಚ್ಚು ಹಾಕಿರ್ತಾರೆ. ಹತ್ತಿರ ಹತ್ತಿರ 2.4 ಕಿಲೋಮೀಟರ್. ಇಲ್ಲಿಂದ ಬನಶಂಕರಿ ದೇವಸ್ಥಾನದವರೆಗೆ ಎಷ್ಟು ಮನೆ, ಎಷ್ಟು ಮಕ್ಕಳು, ನೀವೇ ಎಣಿಸಿ. ಅದಕ್ಕೇ ಆ ರೈಫಲಿಗೆ ಮಣ್ಣಿನ ದಿಬ್ಬವಿರುವ 50 ಮೀಟರ್ ರೇಂಜೇ ಬೇಕು. ಜಯನಗರದಲ್ಲಿ ಅಂಥದ್ದಕ್ಕೆ ಜಾಗ ಎಲ್ಲಿದೆ?”

ತಂದೆ ಸೋತರು. ಇನ್ನು ಉಳಿದದ್ದು .177, ಅಂದರೆ 4.5 ಮಿಲಿಮೀಟರ್ ಏರ್ ರೈಫಲ್. ಮೊದಲಿಂದಲೂ ಮೇಷ್ಟ್ರು ಬರಬೇಕೆಂದಿದ್ದ ಜಾಗ ಅದೇ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ .177 ಅಂಗುಲ ಮೀರದ, ಬಾಯಿಯ ಬಳಿ ಪೆಲೆಟ್‌ನ ಶಕ್ತಿ 20 ಜೌಲ್ ದಾಟದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಒಲಿಂಪಿಕ್ಸ್‌ನಲ್ಲಿ ಬಳಸುವ ರೈಫಲ್ ಈ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಅರ್ಧ ಗ್ರಾಂಗಿಂತ ತುಸು ಹೆಚ್ಚು ತೂಗುವ ಸೀಸದ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ ಎಂಟು ಜೌಲ್ ಒಳಗೆ. ಪೇಟೆಯಲ್ಲಿ ‘ಪವರ್’ ಎಂದು ಕೂಗಿ ಮಾರುವ ಅಗ್ಗದ ಏರ್ ಗನ್‌ಗಳು ಇದರ ಎರಡು ಪಟ್ಟು ಒದೆಯುತ್ತವೆ, ಆದರೆ ಒಂದೇ ಜಾಗಕ್ಕೆ ಎರಡು ಸಲ ಹೊಡೆಯಲಾರವು.

“ಪವರ್ ಕೇಳುವ ಗಿರಾಕಿ ಬಂದರೆ ನಮ್ಮ ಹುಡುಗರು ಮುಖ ತಿರುಗಿಸ್ತಾರೆ” ಅಂದರು ಮೇಷ್ಟ್ರು. “ಹತ್ತು ಮೀಟರ್ ದೂರದಲ್ಲಿ ಕಾಗದಕ್ಕೆ ತೂತು ಮಾಡೋಕೆ ಎಷ್ಟು ಪವರ್ ಬೇಕು? ಗುರಿಚಕ್ರದ ಅಗಲ 45.5 ಮಿಲಿಮೀಟರ್. ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಸಾಸಿವೆ ಕಾಳು ಅದಕ್ಕಿಂತ ದೊಡ್ಡದು.”

“ಅಂಗಡಿಯವರು ಮೂರು ಥರ ತೋರಿಸಿದರು” ಅಂದರು ತಂದೆ. “ಒಂದು ಹತ್ತು ಹನ್ನೆರಡು ಸಾವಿರದ್ದು, ನಡು ಮುರಿದು ಪೆಲೆಟ್ ಹಾಕೋದು. ಇನ್ನೊಂದು ಸಿಲಿಂಡರ್ ಇರೋದು, ನನ್ನ ಬಜೆಟ್ಟಿಗೆ ಸರಿಯಾಗಿ ಬರುತ್ತೆ. ಮೂರನೇದು ಜರ್ಮನಿಯದು. ಬೆಲೆ ಕೇಳಿ ವಾಪಸ್ ಬಂದೆ.”

ನಡು ಮುರಿಯುವ ರೈಫಲಿನೊಳಗೆ ಒಂದು ದೊಡ್ಡ ಸ್ಪ್ರಿಂಗು, ಒಂದು ಪಿಸ್ಟನ್ನು. ಕುದುರೆ ಎಳೆದಾಗ ಪಿಸ್ಟನ್ ಮುಂದೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ತುದಿಗೆ ಬಡಿದಾಗ ಮತ್ತೆ ಮುಂದಕ್ಕೆ ಹಾರುತ್ತದೆ. ಇಷ್ಟೆಲ್ಲ ಆಗುವುದು ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ. ಎಡಗೈ ಎಲ್ಲಿ ಕೂತಿದೆ, ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಏಟು ಬೀಳುವ ಜಾಗ ಬದಲಾಗುತ್ತದೆ. ಅನುಭವಿ ಇದನ್ನು ಪಳಗಿಸಬಲ್ಲ. ಕಲಿಯುವ ಮಗುವಿಗೆ ಮಾತ್ರ ತಪ್ಪು ತನ್ನದೋ ರೈಫಲಿನದೋ ಎಂದು ತಿಳಿಯುವುದೇ ಇಲ್ಲ. ಮೂರು ತಿಂಗಳಿಗೆ ಬೇಸರ ಬಂದು ರೈಫಲ್ ಅಟ್ಟ ಸೇರುತ್ತದೆ. ಕೆಲವು ಸ್ಪರ್ಧೆಗಳಲ್ಲಿ ‘ಓಪನ್ ಸೈಟ್’ ಎಂಬ ವಿಭಾಗ ಉಂಟು, ಸಾದಾ ಗುರಿಕಣ್ಣಿನ ರೈಫಲ್‌ಗಳಿಗೆಂದೇ. ಅಷ್ಟಕ್ಕೆ ಸಾಕು ಅನ್ನುವವರು ಇದನ್ನು ಕೊಳ್ಳಲಿ ಎಂಬುದು ಮೇಷ್ಟ್ರ ಅಭಿಪ್ರಾಯ.

ಎರಡನೆಯ ಬಗೆಯಲ್ಲಿ ಗಾಳಿಯನ್ನು ಮೊದಲೇ ಒತ್ತಿ ತುಂಬಿಟ್ಟಿರುತ್ತಾರೆ. ಈ ವಿಷಯದಲ್ಲಿ ದೇಶೀ ಕಂಪನಿಗಳು ಕಳೆದ ದಶಕದಲ್ಲಿ ನಿಜವಾಗಿ ಮುಂದೆ ಬಂದಿವೆ. ಒಂದು ಕಾಲಕ್ಕೆ ಸಿಮೆಂಟ್ ಪೈಪಿಗೆ ಹೆಸರಾದ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯ ಐಎಚ್‌ಪಿ ಏರ್ ರೈಫಲ್ಲೇ ಮನೆಮನೆಯ ಹೆಸರಾಗಿತ್ತು. ಈಗಿನ ಹೆಸರು ಪ್ರೆಸಿಹೋಲ್. ಮುಂಬೈ ಪಕ್ಕದ ಅಂಬರನಾಥದಲ್ಲಿ ಲೋಹದಲ್ಲಿ ಆಳವಾದ ನೇರ ರಂಧ್ರ ಕೊರೆಯುವ ಯಂತ್ರಗಳನ್ನು ಕಟ್ಟುತ್ತಿದ್ದ ಸಂಸ್ಥೆ ಅದು. ನಳಿಗೆ ಎಂದರೂ ಆಳವಾದ ನೇರ ರಂಧ್ರವೇ ತಾನೇ, ಅಲ್ಲಿಂದ ಏರ್ ರೈಫಲಿಗೆ ಇಳಿಯಿತು. ಅದರ ನಳಿಗೆ ಚೆನ್ನ, ಬೆಲೆಯೂ ನ್ಯಾಯ.

“ಹಾಗಾದರೆ ಅದೇ ಆಗಲಿ!” ಎಂದು ಕೊಡಗಿನವರು ತೀರ್ಪು ಕೊಟ್ಟೇಬಿಟ್ಟರು.

“ಆಗಲ್ಲ. ತೋಟದಲ್ಲಿ ಡಬ್ಬಿ ಇಟ್ಟು ಹೊಡೆಯೋಕೆ ಅದು ಭೇಷ್. ಈ ಮಗುಗೆ ಬೇಕಾದ್ದು ಬೇರೆ. ಕೆನ್ನೆ ಒರಗುವ ಕಟ್ಟಿಗೆ ಮೇಲೆ ಕೆಳಗೆ ಸರಿಯಬೇಕು, ಭುಜಕ್ಕೆ ಆನುವ ತುದಿ ಉದ್ದ ಗಿಡ್ಡ ಆಗಬೇಕು. ಕುದುರೆ ಬೆರಳು ಸೋಕಿದರೆ ಬಿಡಬೇಕು. ಹಿಂದೆ ಡಯಾಪ್ಟರ್ ಬೇಕು, ಒಂದು ಸಣ್ಣ ತೂತಿನಲ್ಲಿ ನೋಡುವ ಗುರಿಕಣ್ಣು. ಬಯಲಿಗೆಂದು ಮಾಡಿದ ರೈಫಲಿಗೆ ಇದನ್ನೆಲ್ಲ ಆಮೇಲೆ ಜೋಡಿಸ್ತೀನಿ ಅಂತ ಹೊರಟವರ ದುಡ್ಡು ಕೊನೆಗೆ ಮ್ಯಾಚ್ ರೈಫಲಿನಷ್ಟೇ ಆಗಿರುತ್ತೆ, ಕೈಯಲ್ಲಿರೋದು ಮಾತ್ರ ಮ್ಯಾಚ್ ರೈಫಲ್ ಆಗಿರಲ್ಲ.”

ಮ್ಯಾಚ್ ರೈಫಲ್ ಎಂದರೆ ಜರ್ಮನಿಯ ವಾಲ್ಟರ್, ಫೈನ್‌ವೆರ್ಕ್‌ಬಾವ್, ಆನ್‌ಶೂಟ್ಸ್, ಆಸ್ಟ್ರಿಯಾದ ಸ್ಟೈಯರ್. ಹೊಸದಕ್ಕೆ ಇಲ್ಲಿ ಎರಡು ಲಕ್ಷದಿಂದ ಮೇಲೆ ಮಾತು ಶುರು. ಇವೇ ಕಂಪನಿಗಳು ಕಿರಿಯರಿಗೆ, ಕ್ಲಬ್ಬುಗಳಿಗೆ ಎಂದು ಮಾಡುವ ಸರಳ ಮಾದರಿಗಳೂ ಉಂಟು. ಅವು ಹಗುರ, ಅಲಂಕಾರ ಕಡಿಮೆ, ನಳಿಗೆ ಮಾತ್ರ ಮನೆತನದ್ದೇ. ಐವತ್ತು ಸಾವಿರಕ್ಕೆ ಅದೂ ಹೊಸದು ಬರುವುದಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಈಗ ಕೇಳಿದಳು. “ಸಾರ್, ಟೆರೇಸ್ ಮೇಲೆ ಪ್ರ್ಯಾಕ್ಟೀಸ್ ಮಾಡಬಹುದಾ?”

ಮೇಷ್ಟ್ರು ಇದಕ್ಕೆ ಮಾತ್ರ ನಗಲಿಲ್ಲ. ಬೆಂಗಳೂರಿನ ಥರ್ಟಿ ಫಾರ್ಟಿ ಸೈಟಿನ ಉದ್ದ ನಲವತ್ತು ಅಡಿ, ಅಂದರೆ 12.2 ಮೀಟರ್. ಹತ್ತು ಮೀಟರ್ ಅಂತರ, ಹಿಂದೆ ನಿಲ್ಲಲು ಜಾಗ, ಮುಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ಎಲ್ಲ ಸೇರಿದರೆ ಇಡೀ ಸೈಟು ಮುಗಿಯಿತು. ಪಕ್ಕದ ಮನೆಯವರು ಬಟ್ಟೆ ಒಣಹಾಕುವ ತಂತಿ ಅಲ್ಲಿಂದ ಕೈಯಳತೆಯಲ್ಲಿರುತ್ತದೆ. ಗುರಿ ತಪ್ಪಿದ ಪೆಲೆಟ್ ಕಣ್ಣು ತೆಗೆಯಬಲ್ಲದು. ಇನ್ನೊಬ್ಬರ ಜೀವಕ್ಕೆ ಅಪಾಯ ತರುವ ದುಡುಕಿನ ಕೆಲಸ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಅಪರಾಧ. ರೈಫಲಿಗೆ ಲೈಸೆನ್ಸ್ ಬೇಡ ಎಂಬುದು ಅಲ್ಲಿ ನೆಪವಾಗುವುದಿಲ್ಲ.

“ಹಕ್ಕಿಗೆ ಹೊಡೆಯೋ ಆಸೆ?” ಎಂದು ಕೊಡಗಿನವರನ್ನೇ ನೋಡಿ ಕೇಳಿದರು. ಅವರು ಕಾಫಿ ಲೋಟದೊಳಗೆ ನೋಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಏರ್ ಗನ್ನಾದರೂ ಒಂದೇ, ಬಂದೂಕಾದರೂ ಒಂದೇ. ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚ್‌ನಲ್ಲಿ ಏರ್ ಗನ್ ಒಪ್ಪಿಸುವ ಅಭಿಯಾನವನ್ನೇ ಸರ್ಕಾರ ಶುರುಮಾಡಿತು. ಕಾಡಿನ ಹಕ್ಕಿಗಳು ಖಾಲಿಯಾಗುತ್ತಿವೆ ಎಂದು ಹಳ್ಳಿಗರೇ ತಂದು ಒಪ್ಪಿಸಿದರು.

“ಮನೆಯಲ್ಲಿ ಮಾಡುವ ಅಭ್ಯಾಸ ಬೇರೆ ಇದೆ, ಮಗೂ” ಎಂದು ಮೇಷ್ಟ್ರು ಅವಳ ಕಡೆ ತಿರುಗಿದರು. “ಗೋಡೆ ಮೇಲೆ ಒಂದು ಚುಕ್ಕೆ. ಖಾಲಿ ರೈಫಲ್. ನಿಲ್ಲೋದು, ಉಸಿರು ಇಳಿಸೋದು, ಕುದುರೆ ಎಳೆಯೋದು. ಒಳ್ಳೇ ರೈಫಲ್‌ಗಳಲ್ಲಿ ಗಾಳಿ ಖರ್ಚಾಗದೆ ಕುದುರೆ ಮಾತ್ರ ಆಡುವ ಸೌಕರ್ಯ ಇರುತ್ತೆ. ಅದಕ್ಕೆ ಪೆಲೆಟ್ಟೂ ಬೇಡ, ರೇಂಜಿನ ಬಾಡಿಗೆಯೂ ಬೇಡ. ಪದಕ ಗೆದ್ದವರೆಲ್ಲ ಹೀಗೆ ಗೋಡೆ ನೋಡಿ ನಿಂತವರೇ.”

ಪದಕದ ಮಾತು ಬಂದದ್ದರಿಂದ ಸಂಭಾಷಣೆ ಸ್ವಲ್ಪ ಹೊತ್ತು ದಾರಿ ಬಿಟ್ಟು ಓಡಿತು. 2023ರ ಫೆಬ್ರುವರಿಯಲ್ಲಿ ಕೈರೋ ವಿಶ್ವಕಪ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಕಂಚು ಗೆದ್ದಾಗ ಆಕೆಗೆ ಹದಿನಾಲ್ಕು. ಅದೇ ವರ್ಷ ಚಾಂಗ್‌ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದು ಭಾರತಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನ ಒಂದು ಸ್ಥಾನ ತಂದುಕೊಟ್ಟಳು. ಆ ಸ್ಥಾನ ದೇಶದ್ದು, ಆಟಗಾರ್ತಿಯದ್ದಲ್ಲ. ಆಯ್ಕೆ ಟ್ರಯಲ್ಸ್‌ನಲ್ಲಿ ಬೇರೆಯವರು ಮುಂದಾದರು. ಹದಿಹರೆಯದಲ್ಲೇ ಗೆಲ್ಲಬೇಕೆಂಬ ನಿಯಮವೂ ಇಲ್ಲ. ಕರ್ನಾಟಕದ ಮೇಘನಾ ಸಜ್ಜನರ್ 2025ರ ಸೆಪ್ಟೆಂಬರ್‌ನಲ್ಲಿ ಚೀನಾದ ನಿಂಗ್‌ಬೋ ವಿಶ್ವಕಪ್‌ನ ಇದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು, ಮೂವತ್ತು ದಾಟಿದ ಮೇಲೆ.

ತಂದೆಗೆ ಪ್ರಕಾಶ್ ನಂಜಪ್ಪ ನೆನಪಾದರು. ಸಾಫ್ಟ್‌ವೇರ್ ಕೆಲಸ ಬಿಟ್ಟು ಪಿಸ್ತೂಲು ಹಿಡಿದ ಬೆಂಗಳೂರಿನ ಈ ಶೂಟರ್ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದಿದ್ದರು, 2016ರಲ್ಲಿ ರಿಯೊಗೂ ಹೋಗಿದ್ದರು.

“ರಿಯೊ ಆದ ಮೇಲೆ ಆ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು” ಅಂದರು ಮೇಷ್ಟ್ರು. “ಮಲಗಿ ಹೊಡೆಯುವ 50 ಮೀಟರ್ ರೈಫಲ್ ಕೂಡ ಹೋಯಿತು. ಅದಕ್ಕೆಂದೇ ದುಬಾರಿ ಸಾಮಾನು ಜೋಡಿಸಿಕೊಂಡವರು ಏನು ಮಾಡಬೇಕು? ಹತ್ತು ಮೀಟರ್ ಏರ್ ರೈಫಲ್ 1984ರ ಲಾಸ್ ಏಂಜಲೀಸ್‌ನಿಂದ ಒಂದು ಸಲವೂ ತಪ್ಪಿಲ್ಲ. ಕಮ್ಮಿ ದುಡ್ಡಿರುವವರು ಇಂಥದ್ದನ್ನು ನೋಡಿಯೇ ಹೆಜ್ಜೆ ಇಡಬೇಕು.”

“ಸರಿ ಸಾರ್, ಹಾಗಾದರೆ ಈ ಐವತ್ತು ಸಾವಿರ ಇಟ್ಟುಕೊಂಡು ನಾನು ಏನು ಕೊಳ್ಳಲಿ?”

“ಈ ವರ್ಷ ರೈಫಲ್ ಕೊಳ್ಳಬೇಡಿ.”

ಮೇಜಿನ ಸುತ್ತ ಮೌನ. ಹುಡುಗಿಯ ಮುಖ ಸಪ್ಪಗಾಯಿತು. ಮೇಷ್ಟ್ರು ಅವಸರ ಮಾಡದೆ ಬಿಲ್ಲಿನ ಚೀಟಿಯ ಮೇಲೆ ಮತ್ತೆ ಬರೆಯತೊಡಗಿದರು. ಪೆಲೆಟ್ ಡಬ್ಬಿಯಲ್ಲಿ 500 ಇರುತ್ತವೆ. ಒಳ್ಳೆಯ ಡಬ್ಬಿಗೆ ಸಾವಿರ ರೂಪಾಯಿ ಹಿಡಿದರೆ, ಮೊದಲು ಹಾಕಿದ ಲೆಕ್ಕದಂತೆ ವರ್ಷಕ್ಕೆ 25 ಡಬ್ಬಿ, ಅಂದರೆ 25,000 ರೂಪಾಯಿ. ಬಜೆಟ್ಟಿನ ಅರ್ಧ ಅಲ್ಲಿಗೇ ಹೋಯಿತು. ಅಭ್ಯಾಸಕ್ಕೆ ಅಗ್ಗದ ಪೆಲೆಟ್ ಬಳಸಿ ಇದನ್ನು ಇಳಿಸಬಹುದು. ರೇಂಜಿನ ತಿಂಗಳ ಶುಲ್ಕ ಬೇರೆ. ಮತ್ತೆ ಜಾಕೆಟ್: ಕ್ಯಾನ್ವಾಸು, ಚರ್ಮ ಸೇರಿಸಿ ಹೊಲಿದ ಗಡುಸು ಅಂಗಿ, ಬೆನ್ನಿಗೆ ಆಸರೆ. ಅದರ ದಪ್ಪ ಒಂದು ಪದರಕ್ಕೆ 2.5 ಮಿಲಿಮೀಟರ್ ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮ. ಹದಿಮೂರರ ಹುಡುಗಿ ಹದಿನೈದಕ್ಕೆ ಅದರಲ್ಲಿ ತೂರಲಾರಳು, ಆದ್ದರಿಂದ ಹಿರಿಯ ಹುಡುಗಿಯರು ಬಿಟ್ಟ ಜಾಕೆಟ್ಟೇ ಸಾಕು. ಕೈಗವಸು, ಚಪ್ಪಟೆ ತಳದ ಶೂ ಮಾತ್ರ ಅವಳ ಅಳತೆಯ ಹೊಸದೇ ಆಗಲಿ.

“ರೈಫಲ್ ಕ್ಲಬ್ಬಿನದು. ನಾಲ್ಕು ಮಕ್ಕಳು ಹಂಚಿಕೊಳ್ತಾರೆ, ಪ್ರತಿ ಸಲ ಕೆನ್ನೆಕಟ್ಟಿಗೆ ತಿರುಗಿಸಿಕೊಳ್ಳಬೇಕು, ಗೊಣಗಾಟ ಇದ್ದದ್ದೇ. ಆದರೆ ಒಂದು ವರ್ಷದಲ್ಲಿ ಅವಳ ಎತ್ತರ ಎಷ್ಟು, ತೋಳು ಎಷ್ಟು, ಯಾವ ಕಣ್ಣು ಬಲ, ಅದಕ್ಕಿಂತ ಮುಖ್ಯ, ಅವಳಿಗೆ ಈ ಆಟ ನಿಜವಾಗಿ ಬೇಕಾ ಅನ್ನೋದು ಗೊತ್ತಾಗುತ್ತೆ. ನಾಲ್ಕು ಕೆಜಿ ಎತ್ತಿ ಒಂದೇ ಭಂಗಿಯಲ್ಲಿ 60 ಏಟು, 75 ನಿಮಿಷ. 2018ರಿಂದ ಹೆಣ್ಣುಮಕ್ಕಳಿಗೂ 60 ಏಟೇ, ಮೊದಲು 40 ಇತ್ತು.”

“ಆಮೇಲೆ?”

“ಆಮೇಲೆ ಸೆಕೆಂಡ್ ಹ್ಯಾಂಡ್.”

ಮೇಷ್ಟ್ರಿಗೆ ಅತ್ಯಂತ ಉತ್ಸಾಹದ ವಿಷಯ ಇದು. ಎರಡನೇ ಕಾಫಿ ಬಂದದ್ದೂ ಇದಕ್ಕಾಗಿಯೇ. ಕಾಲೇಜು ಸೇರಿದ ಮೇಲೆ, ಎಂಜಿನಿಯರಿಂಗ್ ಸೀಟು ಸಿಕ್ಕ ಮೇಲೆ ಆಟ ಬಿಡುವ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅವರ ಮ್ಯಾಚ್ ರೈಫಲ್‌ಗಳು ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ರೇಂಜಿನಲ್ಲಿ ಕೇಳುತ್ತಾ ಇದ್ದರೆ ಒಂದಾದರೂ ಹೊರಬರುತ್ತದೆ. ಹತ್ತು ವರ್ಷ ಹಳೆಯ ವಾಲ್ಟರ್ ನಳಿಗೆ ಇವತ್ತಿಗೂ ಕ್ಲ್ಯಾಂಪಿನಲ್ಲಿ ಬಿಗಿದು ಹೊಡೆದರೆ ಹತ್ತು ಪೆಲೆಟ್‌ಗಳನ್ನು ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಕಳಿಸುತ್ತದೆ. ನಳಿಗೆ ಸವೆಯುವುದು ಬಹಳ ನಿಧಾನ. ಸವೆಯುವುದು ರಬ್ಬರ್ ಸೀಲು, ಮುಗಿಯುವುದು ಸಿಲಿಂಡರಿನ ಆಯಸ್ಸು.

“ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಕೊರೆದಿರ್ತಾರೆ. ಅಲ್ಲಿಂದ ಹತ್ತು ವರ್ಷ. ಆಮೇಲೆ ಅದನ್ನು ಸ್ಪರ್ಧೆಗೆ ಒಯ್ಯೋ ಹಾಗಿಲ್ಲ. ಯಾಕೆ ಅಂದರೆ ಒಳಗಿರೋದು 200 ಬಾರ್ ಒತ್ತಡ, ಮಾದರಿ ನೋಡಿ 300. ವಾಯುಮಂಡಲದ ಇನ್ನೂರು, ಮುನ್ನೂರು ಪಟ್ಟು, ಅದೂ ಮಗುವಿನ ಮುಖದ ಹತ್ತಿರ. ಸಿಲಿಂಡರ್ ಮುಗಿದ ರೈಫಲನ್ನು ಅಗ್ಗ ಅಂತ ತಂದರೆ ಹೊಸ ಸಿಲಿಂಡರಿಗೆ ಪರದಾಡಬೇಕು. ದಿನಾಂಕ ನೋಡದೆ ಬೆಲೆ ಮಾತಾಡಲೇಬೇಡಿ.”

“ಇನ್ನೇನು ನೋಡಬೇಕು?”

“ಗಾಳಿ ತುಂಬಿ ಎರಡು ದಿನ ಬಿಟ್ಟು ಒತ್ತಡ ತೋರಿಸುವ ಮುಳ್ಳು ಇಳಿದಿದೆಯಾ ನೋಡಿ. ಡಯಾಪ್ಟರ್ ಮೂಲದ್ದೇನಾ, ಕ್ಲಿಕ್ ತಿರುಗಿಸಿದಷ್ಟೇ ಏಟು ಸರಿಯುತ್ತಾ ನೋಡಿ. ಕೆಲವರು ರೈಫಲ್ ಮಾರುವಾಗ ಒಳ್ಳೇ ಡಯಾಪ್ಟರ್ ಬಿಚ್ಚಿಟ್ಟುಕೊಳ್ತಾರೆ. ಎಡಗೈಯವರ ರೈಫಲ್ ಅಗ್ಗಕ್ಕೆ ಸಿಕ್ಕಿತು ಅಂತ ಬಲಗೈ ಮಗುಗೆ ತರಬೇಡಿ, ತಂದವರನ್ನು ನಾನು ಕಂಡಿದ್ದೀನಿ. ಸಿಲಿಂಡರ್ ತಾಪತ್ರಯವೇ ಬೇಡ ಅಂದರೆ ಹಳೇ ಫೈನ್‌ವೆರ್ಕ್‌ಬಾವ್ 600ರ ಸಾಲಿನದು ಹುಡುಕಿ. ಪಕ್ಕದ ಸನ್ನೆ ಒಂದು ಸಲ ಎಳೆದರೆ ಒಂದು ಏಟಿನ ಗಾಳಿ ತುಂಬಿಕೊಳ್ಳುತ್ತೆ, ಪಂಪೂ ಬೇಡ ಸಿಲಿಂಡರೂ ಬೇಡ. ಮೂವತ್ತು ವರ್ಷದ ಹಿಂದಿನದು, ಇವತ್ತಿಗೂ ನೇರ ಹೊಡೆಯುತ್ತೆ. ಅದರ ಸನ್ನೆ ಎಳೆಯೋಕೆ ಮಗುಗೆ ಶಕ್ತಿ ಇರಬೇಕು ಅಷ್ಟೆ.”

ಕೊಡಗಿನವರು ಕೈಪಂಪಿನ ಬಗ್ಗೆ ಕೇಳಿದರು. 200 ಬಾರ್ ತುಂಬಲು ಅದನ್ನು ಒತ್ತಿದವರ ಬೆನ್ನು ಸಾಕ್ಷಿ ಹೇಳುತ್ತದೆ. ಮಳೆಗಾಲದ ತೇವವೂ ಒಳಗೆ ಹೋಗಿ ಕೂರುತ್ತದೆ. ರೇಂಜಿನ ದೊಡ್ಡ ಸಿಲಿಂಡರಿನಿಂದ ತುಂಬಿಸಿಕೊಳ್ಳುವುದೇ ಸರಿ. ಒಂದು ಸಲ ತುಂಬಿದರೆ ಇನ್ನೂರಕ್ಕೂ ಹೆಚ್ಚು ಏಟು.

“ಇನ್ನೊಂದು, ಅಮ್ಮನಿಗೂ ಹೇಳಿ” ಎಂದು ಮೇಷ್ಟ್ರು ಹುಡುಗಿಯ ತಟ್ಟೆಯ ಕಡೆ ಬೊಟ್ಟು ಮಾಡಿದರು. “ಪೆಲೆಟ್ ಅಂದರೆ ಸೀಸ. ಹೊಡೆದು ಬಂದ ಕೈಯನ್ನು ಸೋಪು ಹಾಕಿ ತೊಳೆಯದೆ ದೋಸೆ ಮುಟ್ಟೋ ಹಾಗಿಲ್ಲ. ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳೋ ಚಾಳಿ ಕೆಲವು ಹುಡುಗರಿಗೆ ಇದೆ. ಕಂಡರೆ ಆ ದಿನ ರೇಂಜಿನಿಂದ ಹೊರಗೆ.”

ತಂದೆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮೊದಲ ವರ್ಷಕ್ಕೆ ಕೈಗವಸು, ಶೂ, ಹಳೆಯ ಜಾಕೆಟ್, ಪೆಲೆಟ್, ರೇಂಜಿನ ಶುಲ್ಕ. ಇವಿಷ್ಟಕ್ಕೇ ಐವತ್ತು ಸಾವಿರ ಬಿಗಿಯಾಗುತ್ತದೆ. ಮುಂದಿನ ವರ್ಷದ ಬೋನಸ್ ಹಳೆಯ ಮ್ಯಾಚ್ ರೈಫಲಿಗೆ. .22 ಲೈಸೆನ್ಸಿನ ಅರ್ಜಿ ಅವಳು 21 ಮುಟ್ಟಿದಾಗ ಅವಳೇ ಹಾಕಿಕೊಳ್ಳಲಿ, ಆಡಿದ ಸ್ಪರ್ಧೆಗಳ ದಾಖಲೆ ಆಗ ಕೈಯಲ್ಲಿರುತ್ತದೆ. ಎನ್‌ಸಿಸಿಯ ಐದು ಗುಂಡಿನ ಆಸೆ ಇನ್ನೂ ಉಳಿದಿದ್ದರೆ ತಂದೆಯೇ ರೈಫಲ್ ಕ್ಲಬ್ ಸೇರಲಿ ಎಂದು ಕೊಡಗಿನವರು ಸೂಚಿಸಿದರು. ಲೆಕ್ಕಪತ್ರದ ಮನುಷ್ಯ ಅದಕ್ಕೆ ಇಲ್ಲ ಅನ್ನಲಿಲ್ಲ.

ಜಯನಗರದಲ್ಲಾಗಲಿ ಬೇರೆಲ್ಲಾಗಲಿ ಏರ್ ರೈಫಲ್ ಕೊಳ್ಳಲು ಹೊರಟವರಿಗೆ ಮೇಷ್ಟ್ರ ಕಡೆಯಿಂದ ಒಂದು ವಿನಂತಿ: ಹೊಸದಾದರೂ ಹಳೆಯದಾದರೂ ಬಿಲ್ಲಿಲ್ಲದೆ ಕೊಳ್ಳಬೇಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರು, .177 ಎಂಬ ಅಳತೆ, 20 ಜೌಲ್ ಒಳಗಿನದು ಎಂಬ ಮಾತು ಮೂರನ್ನೂ ಬರೆಸಿಕೊಳ್ಳಿ. ಅದರ ಒಂದು ಪ್ರತಿ ಸದಾ ರೈಫಲ್ ಪೆಟ್ಟಿಗೆಯೊಳಗೇ ಇರಲಿ.